ಅಧೋವರ್ತಿ ವೃಕ್ಷವರ್ಗೀಕರಣ: ಮರದಡಿ ನಿಂತು ಮಾಡಿದ ಒಂದು ಪ್ರೌಢ ವಿಚಾರ

ಹೂಬಿಡುವ ಮರಗಳನ್ನು ವರ್ಗೀಕರಿಸಿದ ಪೂರ್ವಸೂರಿಗಳೆಲ್ಲರೂ ಕತ್ತೆತ್ತಿ ನೋಡಿ ಕೆಟ್ಟರು. ಹೂವು ಮೇಲಿದೆ, ಆದ್ದರಿಂದ ಮರದ ಲಕ್ಷಣವೂ ಮೇಲೆಯೇ ಇರಬೇಕು ಎಂಬ ಈ ಭ್ರಮೆಯಿಂದ ಸಸ್ಯಶಾಸ್ತ್ರಕ್ಕೆ ಎರಡೂವರೆ ಶತಮಾನಕ್ಕೂ ಮೀರಿದ ಕತ್ತುನೋವು ಪ್ರಾಪ್ತವಾಗಿದೆ. ಪ್ರಸ್ತುತ ಪ್ರಬಂಧವು ಶಾಸ್ತ್ರದ ದೃಷ್ಟಿಯನ್ನು ಕೆಳಗಿಳಿಸುತ್ತದೆ. ಅದರ ಮೂಲಸೂತ್ರ ಇಷ್ಟೇ.

ಸೂತ್ರ: ಮರವನ್ನು ಅದರ ಬುಡದಲ್ಲಿರುವುದರಿಂದ ಅರಿಯತಕ್ಕದ್ದು.

ವೃತ್ತಿ: ‘ಬುಡದಲ್ಲಿರುವುದು’ ಎಂದರೆ ಇಸ್ತ್ರಿ ಗಾಡಿ, ಆಟೊ, ಎಳನೀರಿನ ರಾಶಿ, ದೇವರು, ನಿಲ್ಲಿಸಿಟ್ಟ ಕಾರು ಇತ್ಯಾದಿ. ‘ಇತ್ಯಾದಿ’ಯಲ್ಲಿ ಪ್ರಬಂಧಕಾರನನ್ನೂ ಸೇರಿಸಿಕೊಳ್ಳಬೇಕು. ಬೇರು ಕೂಡ ಬುಡದಲ್ಲೇ ಇದೆಯಲ್ಲ ಎಂದರೆ, ಇದೆ. ಆದರೆ ಬೆಂಗಳೂರಿನಲ್ಲಿ ಅದರ ಮೇಲೆ ಸಿಮೆಂಟು ಹಾಕಿರುವುದರಿಂದ ಪರಿಶೀಲನೆಗೆ ದೊರೆಯುವುದಿಲ್ಲ.

ಸಿದ್ಧಾಂತ ಸ್ಥಾಪಿಸುವ ಮುನ್ನ ಪೂರ್ವಪಕ್ಷವನ್ನು ಹೇಳಿಬಿಡುವುದು ಸಂಪ್ರದಾಯ. ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ 1735ರಲ್ಲಿ ‘ಸಿಸ್ಟೆಮಾ ನ್ಯಾಚುರೇ’ ಎಂಬ ಗ್ರಂಥ ಬರೆದು ಲೋಕದ ಗಿಡಮರಗಳನ್ನೆಲ್ಲ 24 ವರ್ಗಗಳಲ್ಲಿ ತುಂಬಿದ. ಹೂವಿನೊಳಗೆ ಕೇಸರಗಳೆಷ್ಟು, ಶಲಾಕೆಗಳೆಷ್ಟು ಎಂಬ ಎಣಿಕೆಯೇ ಆಧಾರ. ಕೇಸರವೆಂದರೆ ಗಂಡ, ಶಲಾಕೆಯೆಂದರೆ ಹೆಂಡತಿ, ದಳಗಳೆಂದರೆ ಪ್ರಸ್ತದ ಮಂಚ. ಪಾದ್ರಿಯ ಮಗ ಹೀಗೆಲ್ಲ ಬರೆದದ್ದು ಕಂಡು ಸೇಂಟ್ ಪೀಟರ್ಸ್‌ಬರ್ಗಿನ ಯೋಹಾನ್ ಸೀಗೆಸ್‌ಬೆಕ್ ಎಂಬ ಸಸ್ಯವಿದ್ವಾಂಸ ಕೆಂಡವಾದ. ದೇವರು ಸೃಷ್ಟಿಸಿದ ಹೂವಿನಲ್ಲಿ ಇಂಥ ಅನಾಚಾರ ನಡೆಯುವುದುಂಟೆ ಎಂಬುದು ಅವನ ವಾದ. ಆದರೂ ಎಣಿಕೆ ನಿಲ್ಲಲಿಲ್ಲ. 1753ರ ‘ಸ್ಪೀಶೀಸ್ ಪ್ಲಾಂಟಾರಂ’ ಗ್ರಂಥದಲ್ಲಿ ನಮ್ಮ ಮರಗಳ ಸಂಸಾರವೂ ಬಯಲಿಗೆ ಬಂತು.

ಹುಣಸೆಯನ್ನು ಆತ ಇಟ್ಟದ್ದು ಮೂವರು ಗಂಡಂದಿರ ವರ್ಗದಲ್ಲಿ. ಹುಣಸೆಮರದಲ್ಲಿ ದೆವ್ವವಿದೆ ಎಂಬ ನಮ್ಮ ಹಳ್ಳಿಗಳ ನಂಬಿಕೆಗೆ ಇಲ್ಲಿ ಮೊತ್ತಮೊದಲ ವೈಜ್ಞಾನಿಕ ಆಧಾರ ಸಿಗುತ್ತದೆ. ಅಷ್ಟು ಗಂಡಸರಿರುವ ಮನೆಯಲ್ಲಿ ರಾತ್ರಿ ಹೊತ್ತು ಸದ್ದುಗದ್ದಲ ಸಹಜ. ಕಕ್ಕೆಗೆ ಹತ್ತು ಮಂದಿ ಗಂಡಂದಿರು, ಹೆಂಡತಿ ಒಬ್ಬಳೇ. ದ್ರೌಪದಿಯ ದುಪ್ಪಟ್ಟು. ಆದರೆ ಹೂವನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದರೆ ನಿಜ ತಿಳಿಯುತ್ತದೆ: ಮೂವರು ಉದ್ದುದ್ದಕ್ಕೆ ಬಾಗಿ ನಿಂತ ಹಿರಿಯರು, ನಾಲ್ವರು ಮಧ್ಯಮ ಗಾತ್ರದವರು, ಉಳಿದ ಮೂವರು ಗಿಡ್ಡರು. ಈ ಗಿಡ್ಡರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅವಿಭಕ್ತ ಕುಟುಂಬ ಕಂಡವರಿಗೆ ಇದಕ್ಕೆ ಟಿಪ್ಪಣಿ ಬೇಡ. ಸಂಪಿಗೆಯ ವಿಷಯಕ್ಕೆ ಬಂದರೆ, ಅಲ್ಲಿ ಗಂಡಂದಿರೂ ಬಹಳ, ಹೆಂಡಿರೂ ಬಹಳ. ಶುಕ್ರವಾರ ಸಂಪಿಗೆ ಮುಡಿದು ದೇವಸ್ಥಾನಕ್ಕೆ ಹೊರಟ ಗೃಹಿಣಿಯರಿಗೆ ಇದನ್ನು ತಿಳಿಸುವ ಧೈರ್ಯ ಪ್ರಬಂಧಕಾರನಿಗೆ ಬರಲಿಲ್ಲ.

ವರ್ಗೀಕರಣ ಹೀಗಾದರೆ ನಾಮಕರಣ ಇನ್ನೊಂದು ಬಗೆ. ಮರಕ್ಕೆ ಹೆಸರಿಡಬೇಕಾದಾಗ ಮರವನ್ನು ಬಿಟ್ಟು ಸ್ನೇಹಿತರನ್ನೂ ದೊಡ್ಡವರನ್ನೂ ನೋಡುವುದು ಪಾಶ್ಚಾತ್ಯ ಪದ್ಧತಿ. ಹೊಳೆಯಂಚಿನಲ್ಲಿ ನೇರಳೆಬಣ್ಣದ ಹೂ ಬಿಟ್ಟು ನಿಲ್ಲುವ ಮರಕ್ಕೆ ನಾವು ಹೊಳೆದಾಸವಾಳ ಎಂದೆವು. ಲಿನ್ನೇಯಸ್ ಆ ಕುಲಕ್ಕೆ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ತನ್ನ ಗೆಳೆಯ ಲಾಗರ್‌ಸ್ಟ್ರೋಮನ ಹೆಸರಿಟ್ಟ. ಎರಡು ಹೋಳು ಕೂಡಿದಂಥ ಎಲೆಯಲ್ಲಿ ನಮಗೆ ಕಂಡದ್ದು ಬಸವನ ಗೊರಸು, ಹಾಗಾಗಿ ಬಸವನಪಾದ. ಆತನಿಗೆ ಅದೇ ಎಲೆಯಲ್ಲಿ ಬೌಹಿನ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞ ಸೋದರರು ಕಂಡರು, ಹಾಗಾಗಿ ಬೌಹಿನಿಯಾ. ಗೊರಸಿನ ಜಾಗದಲ್ಲಿ ವಿದ್ವಾಂಸರನ್ನು ಕಾಣಲು ವಿಶೇಷ ಸಾಧನೆ ಬೇಕು.

ಮುತ್ತುಗದ ಪ್ರಕರಣ ಇನ್ನೂ ಗಹನ. ಅದರ ಕುಲನಾಮ ಬ್ಯೂಟಿಯಾ, ಬ್ರಿಟನ್ನಿನ ಬ್ಯೂಟ್ ಪ್ರಭು ಜಾನ್ ಸ್ಟುವರ್ಟನ ನೆನಪಿಗೆ. ಈತ ಗಿಡಮರಗಳ ಹುಚ್ಚಿದ್ದವನೆಂಬುದು ನಿಜ. 1762ರ ಮೇ ತಿಂಗಳಲ್ಲಿ ಪ್ರಧಾನಿಯಾಗಿ ಮರುವರ್ಷದ ಏಪ್ರಿಲ್‌ನಲ್ಲೇ ಇಳಿದದ್ದೂ ನಿಜ. ರಾಜಕಾರಣದಲ್ಲಿ ವರ್ಷ ತುಂಬದವನು ನಮ್ಮ ಪಂಕ್ತಿಯಲ್ಲಿ ಶಾಶ್ವತನಾದ: ಮುತ್ತುಗದ ಎಲೆಯಲ್ಲಿ ಉಂಡವರೆಲ್ಲರೂ, ಶಾಸ್ತ್ರರೀತ್ಯಾ, ಒಬ್ಬ ಮಾಜಿ ಪ್ರಧಾನಿಯ ಮೇಲೆ ಅನ್ನ ಸಾರು ಬಡಿಸಿಕೊಂಡವರೇ.

ಇಷ್ಟು ಕಷ್ಟಪಟ್ಟು ಇಟ್ಟ ಹೆಸರುಗಳಾದರೂ ನಿಂತವೆ? ಹೊಂಗೆಯನ್ನು ನೋಡಿ. ಲಿನ್ನೇಯಸ್ 1753ರಲ್ಲಿ ಅದನ್ನು ಸೈಟಿಸಸ್ ಎಂದ. ಮುಂದೆ ಅದು ಪೊಂಗಾಮಿಯಾ ಗ್ಲಾಬ್ರಾ ಆಯಿತು, ಡೆರಿಸ್ ಇಂಡಿಕಾ ಆಯಿತು, ಮಿಲ್ಲೆಟಿಯಾ ಪಿನ್ನಾಟಾ ಆಯಿತು, ಈಗ ತಿರುಗಿ ಪೊಂಗಾಮಿಯಾ ಪಿನ್ನಾಟಾ ಆಗಿದೆ. ಈ ಮಧ್ಯೆ ಹೊಂಗೆ ಕದಲಿದ ದಾಖಲೆಯಿಲ್ಲ. ಮಳೆಮರದ್ದು ಇನ್ನೂ ದೊಡ್ಡ ಅಲೆದಾಟ: ಮಿಮೋಸಾ, ಇಂಗಾ, ಪಿತೆಸೆಲ್ಲೋಬಿಯಂ, ಎಂಟೆರೊಲೋಬಿಯಂ, ಅಲ್ಬಿಜಿಯಾ, ಸಮಾನಿಯಾ. ಇನ್ನು ಬೆಂಗಳೂರಿಗರು ‘ಟಬೂಬಿಯಾ’ ಎಂದು ಆಗತಾನೆ ನಾಲಿಗೆ ತಿರುಗಿಸಲು ಕಲಿತಿದ್ದರು. 2007ರಲ್ಲಿ ವಂಶವಾಹಿಗಳನ್ನು ಪರೀಕ್ಷಿಸಿದ ವಿದ್ವಾಂಸರು ಆ ಕುಲವನ್ನು ಪಾಲು ಮಾಡಿ, ಕೆಲವನ್ನು ಹಾಂಡ್ರೊಆಂಥಸ್ ಎಂಬ ಮನೆಗೆ ಕಳಿಸಿದರು. ರಸ್ತೆಬದಿಯ ಗುಲಾಬಿ ಬಣ್ಣದ ಮರ ಟಬೂಬಿಯಾ ರೋಸಿಯಾ ಎಂದೇ ಉಳಿಯಿತು. ದೇವರು ದೊಡ್ಡವನು.

ಈ ಗೊಂದಲದಲ್ಲಿ ಸಂಪಿಗೆಯ ಕಥೆಯೊಂದು ಸ್ವಾರಸ್ಯವಾಗಿದೆ. ಆಮ್‌ಸ್ಟರ್‌ಡಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡೆ ಮಾಡಿಸಿದ್ದು. ಗಿಡಮೂಲಿಕೆಯ ವಿದ್ಯೆ ಒದಗಿಸಿದವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಚಂಪಕ ಎಂಬ ಹೆಸರು ಅದರಲ್ಲಿ ಅಚ್ಚಾಯಿತು. ಲಿನ್ನೇಯಸ್ ಅದನ್ನು ಉಳಿಸಿಕೊಂಡು, ಅದರ ಮುಂದೆ ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಮಿಕೇಲಿಯ ಹೆಸರು ಸೇರಿಸಿ ಮಿಕೇಲಿಯಾ ಚಂಪಕಾ ಮಾಡಿದ. ಕಾಲ ಕಳೆದು ಶಾಸ್ತ್ರಜ್ಞರು ಮಿಕೇಲಿಯನ್ನು ಹೊರಡಿಸಿ ಮೋಂಪೆಲಿಯೆಯ ಮಾಗ್ನೋಲನನ್ನು ತಂದು ಕೂರಿಸಿದರು: ಮ್ಯಾಗ್ನೋಲಿಯಾ ಚಂಪಕಾ. ಬೆಂಗಳೂರಿನ ಹಳೆಯ ವಠಾರಗಳಂತೆ ಇಲ್ಲಿಯೂ ಮನೆ ಯಜಮಾನರು ಬದಲಾದರು, ಬಾಡಿಗೆಯವಳು ಮಾತ್ರ ಖಾಲಿ ಮಾಡಲಿಲ್ಲ.

ಈಗ ದೇಶೀ ಪದ್ಧತಿ. ಕನ್ನಡದಲ್ಲಿ ಮರಗಳಿಗೆ ಶಾಸ್ತ್ರವಿಲ್ಲ ಎಂದವರು ಕಣ್ಣುಬಿಟ್ಟು ನೋಡಬೇಕು. ಮಲ್ಲಿಗೆ, ಸಂಪಿಗೆ, ದಾಸವಾಳ, ಹುಣಸೆ ಇವು ನಮ್ಮ ಕುಲಗಳು. ಆಕಾಶ, ನಾಗ, ದೇವ, ಹೊಳೆ, ಕಾಡು, ಸೀಮೆ ಇವು ವಿಶೇಷಣಗಳು. ಎರಡನ್ನೂ ಕೂಡಿಸಿದರೆ ಸಾಕು, ದ್ವಿನಾಮ ಸಿದ್ಧ. ಬಿಳಿಯಾಗಿದ್ದು ಘಮಘಮಿಸಿದರೆ ಮಲ್ಲಿಗೆ. ಅದೇ ಮಲ್ಲಿಗೆ ಕೈಗೆಟುಕದಷ್ಟು ಎತ್ತರದಲ್ಲಿ ಅರಳಿದರೆ ಆಕಾಶಮಲ್ಲಿಗೆ. ಇದಕ್ಕಿಂತ ಸ್ಪಷ್ಟ ಲಕ್ಷಣವಾಕ್ಯ ಲ್ಯಾಟಿನ್ನಿನಲ್ಲೂ ದುರ್ಲಭ. ಆಕಾಶಮಲ್ಲಿಗೆ ಬಿಗ್ನೋನಿಯೇಸಿ ಕುಟುಂಬದ್ದು, ಮಲ್ಲಿಗೆ ಓಲಿಯೇಸಿ ಕುಟುಂಬದ್ದು, ಸಂಬಂಧವೇ ಇಲ್ಲ ಎಂದು ಎದುರಾಳಿ ಆಕ್ಷೇಪಿಸುತ್ತಾನೆ. ಉತ್ತರ: ಸ್ವತಃ ಲಿನ್ನೇಯಸ್ 1753ರಲ್ಲಿ ದುಂಡುಮಲ್ಲಿಗೆಯನ್ನೂ ಪಾರಿಜಾತವನ್ನೂ ನಿಕ್ಟಾಂಥಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಮಹಾಮಹಿಮನೇ ಮೂಗಿನಿಂದ ವರ್ಗೀಕರಿಸಿದ ಮೇಲೆ ನಮ್ಮ ಹೂವಾಡಗಿತ್ತಿಯನ್ನು ಆಕ್ಷೇಪಿಸುವವರು ಯಾರು? ಪಾರಿಜಾತವೂ ಮಲ್ಲಿಗೆಯೂ ಇಂದಿಗೂ ಒಂದೇ ಕುಟುಂಬದಲ್ಲಿವೆ, ಆದ್ದರಿಂದ ಆತನ ಮೂಗು ಅಷ್ಟೇನೂ ತಪ್ಪಲಿಲ್ಲ ಎಂದು ಎದುರಾಳಿ ಮತ್ತೆ ಏನೋ ಹೇಳುತ್ತಿದ್ದಾನೆ. ಟ್ರಾಫಿಕ್ಕಿನ ಸದ್ದಿನಲ್ಲಿ ಅದು ಪ್ರಬಂಧಕಾರನಿಗೆ ಕೇಳಿಸಲಿಲ್ಲ.

‘ಸೀಮೆ’ ಎಂಬ ವಿಶೇಷಣ ಇಡೀ ಭೂಗೋಳಕ್ಕೆ ಸಾಕಾಗುತ್ತದೆ. ಅಮೆರಿಕದಿಂದ ಬಂದದ್ದು ಸೀಮೆಹುಣಸೆ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್ ಸೀಮೆಸಂಕೇಶ್ವರ. ಅದನ್ನೇ ದೊಡ್ಡ ರತ್ನಗಂಧಿ ಎಂದೂ, ಕಾಯಿ ಹಿಡಿದು ಕಾಳಗವಾಡಿದ ಹುಡುಗರು ಕತ್ತಿಕಾಯಿ ಎಂದೂ ಕರೆದರು. ಲಾಲ್‌ಬಾಗನ್ನು 1908ರಿಂದ 1932ರವರೆಗೆ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಇಂಥ ಮರಗಳನ್ನು ಒಂದರ ಹಿಂದೊಂದು ಹೂಬಿಡುವಂತೆ ಬೆಂಗಳೂರಿನ ಬೀದಿಗಳಲ್ಲಿ ಯೋಜಿಸಿದ. ಊರಿನ ಅರ್ಧ ಚೆಲುವು ಸೀಮೆಯದು, ಅದನ್ನು ನೆಟ್ಟವನೂ ಸೀಮೆಯವನು. ನಾವು ಕೊಟ್ಟದ್ದು ನೆಲ, ನೀರು ಮತ್ತು ಹೆಸರು.

ನಾಗಲಿಂಗಪುಷ್ಪದ ಮುಂದೆ ಮಾತ್ರ ‘ಸೀಮೆ’ ಎನ್ನಲು ಯಾರಿಗೂ ನಾಲಿಗೆ ಏಳಲಿಲ್ಲ. ಕಾಂಡದಿಂದಲೇ ಹೊರಟ ಗೊಂಚಲುಗಳಲ್ಲಿ ಅರಳುವ ಆ ಹೂವಿನ ನಡುವೆ ಲಿಂಗದಂಥ ಗುಬುಟು, ಅದರ ಮೇಲೆ ಕೇಸರಗಳೆಲ್ಲ ಸೇರಿ ಬಾಗಿದ ಹೆಡೆ. ಇದು ಸನಾತನವೆಂದು ಯಾರು ತಾನೆ ನಂಬುವುದಿಲ್ಲ? ಆದರೆ ಮರ ದಕ್ಷಿಣ ಅಮೆರಿಕದ್ದು. ಫ್ರಾನ್ಸಿನ ಓಬ್ಲೆ 1775ರಲ್ಲಿ ಗಯಾನಾದ ಹೆಸರನ್ನೇ ಸೇರಿಸಿ ಅದನ್ನು ಕೌರೌಪಿಟಾ ಗಯಾನೆನ್ಸಿಸ್ ಎಂದ. ಶ್ರೀಲಂಕಾದ ಬೌದ್ಧರು ಇದೇ ಮರವನ್ನು ಬುದ್ಧನ ಸಾಲವೃಕ್ಷವೆಂದು ಭಾವಿಸಿ ವಿಹಾರಗಳಲ್ಲಿ ನೆಟ್ಟು ಪೂಜಿಸುತ್ತಾರೆ. ಇಂಗ್ಲಿಷರು ಹೂವನ್ನು ಬಿಟ್ಟು ಕಾಯಿ ನೋಡಿ ತೋಪಿನ ಗುಂಡಿನ ಮರ ಎಂದರು. ಯಾರ ತಲೆಯಲ್ಲಿ ಏನಿತ್ತೋ ಅದು ಮರದಲ್ಲಿ ಕಂಡಿತು. ಆ ಕಾಯಿ ತಲೆಯ ಮೇಲೆ ಬಿದ್ದರೆ ಮಾತ್ರ ಇಂಗ್ಲಿಷರ ಹೆಸರೇ ಸರಿ ಎನಿಸುತ್ತದೆ.

ಇಲ್ಲಿಗೆ ಸಿದ್ಧಾಂತ ತಾನಾಗಿ ಹೊರಡುತ್ತದೆ. ನಾಗಲಿಂಗದ ಬುಡದಲ್ಲಿ ದೇವರಿರುತ್ತಾನೆ, ಕಾರಿರುವುದಿಲ್ಲ. ಹೊಂಗೆಯ ಬುಡದಲ್ಲಿ ಇಸ್ತ್ರಿ ಗಾಡಿಯಿರುತ್ತದೆ, ಏಕೆಂದರೆ ಕೆಂಡದ ಪೆಟ್ಟಿಗೆ ಹಿಡಿದು ನಿಂತವನಿಗೆ ಅಷ್ಟು ತಂಪು ಬೇರೆಲ್ಲೂ ಇಲ್ಲ, ಇದು ಆಶ್ರಯವರ್ಗ. ಆಕಾಶಮಲ್ಲಿಗೆ, ನೇರಳೆ, ಹಳದಿ ಹೂವಿನ ಕಾಪರ್‌ಪಾಡ್ ಇವು ವಾಹನದ್ವೇಷಿ ವರ್ಗ. ಒಂದು ಕೊಂಬೆ ಮುರಿದು ಹಾಕುತ್ತದೆ, ಒಂದು ಬಾನೆಟ್ಟಿಗೆ ನೀಲಿ ಬಳಿಯುತ್ತದೆ, ಮತ್ತೊಂದು ವೈಪರಿನ ಸಂದಿಗೆ ದಳ ತುಂಬುತ್ತದೆ. ಟಬೂಬಿಯಾದ ಬುಡದಲ್ಲಿ ಮೊಬೈಲು ಎತ್ತಿ ಹಿಡಿದ ಜನ, ಪತ್ರಿಕೆಗಳಲ್ಲಿ ‘ಬೆಂಗಳೂರಿನ ಚೆರಿ ಬ್ಲಾಸಮ್’ ಎಂಬ ಶೀರ್ಷಿಕೆ. ಇದು ಚಿತ್ರಜೀವಿ ವರ್ಗ, ಹೂ ಉದುರಿದ ಮೇಲೆ ಮುಂದಿನ ವರ್ಷದವರೆಗೆ ಅನಾಮಿಕ. ಪಾರಿಜಾತದಡಿ ಬೆಳಗಿನ ಜಾವ ಬಟ್ಟೆ ಹಾಸಲಾಗುತ್ತದೆ. ನೆಲಕ್ಕೆ ಬಿದ್ದರೂ ದೇವರಿಗೆ ಸಲ್ಲುವ ಹೂವೆಂಬ ರಿಯಾಯಿತಿ ಅದಕ್ಕುಂಟು.

ಈ ಯಾವ ವರ್ಗಕ್ಕೂ ಒಗ್ಗದ ಒಂದು ಮರವಿದೆ. ಆಫ್ರಿಕದಿಂದ ಬಂದ ಸ್ಪಾತೋಡಿಯಾ. ವಿದ್ವಾಂಸರು ಅದರ ಹೂವಿನ ಆಕಾರಕ್ಕೆ ಮನಸೋತು ಕಂಪಾನುಲಾಟಾ, ಅಂದರೆ ಗಂಟೆಯಂಥದ್ದು ಎಂದರು. ನೀರು ತುಂಬಿಕೊಂಡ ಅದರ ಮೊಗ್ಗನ್ನು ಹಿಚುಕಿದರೆ ದೂರಕ್ಕೆ ಚಿಮ್ಮುತ್ತದೆ ಎಂಬುದನ್ನು ಕಂಡುಕೊಂಡವರು ಶಾಲೆಯ ಮಕ್ಕಳು. ಅವರು ಸಮ್ಮೇಳನ ಕರೆಯಲಿಲ್ಲ, ಪ್ರಬಂಧ ಮಂಡಿಸಲಿಲ್ಲ. ಉಚ್ಚೆಕಾಯಿ ಎಂದರು, ಮುಗಿಯಿತು. ದೊಡ್ಡವರು ಸಂಕೋಚಪಟ್ಟು ನೀರುಕಾಯಿ ಎಂದು ತಿದ್ದಿದರು. ಆದ್ಯತೆಯ ನಿಯಮದ ಪ್ರಕಾರ ಮೊದಲ ಹೆಸರೇ ಸಿಂಧು. ಹೆಸರಿಗೊಂದು ಮಾದರಿ ಪ್ರತಿ ಇರಲೇಬೇಕೆಂದು ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ವಿಧಿಸುತ್ತದೆ. ಉಚ್ಚೆಕಾಯಿಯ ಮಾದರಿ ಪ್ರತಿಯೆಂದು ಪ್ರಬಂಧಕಾರನು ಮುಂದಿನ ಬೆಂಚಿನ ಹುಡುಗನ ಬಿಳಿ ಅಂಗಿಯನ್ನು ಇಲ್ಲಿ ಘೋಷಿಸುತ್ತಾನೆ.

ಆ ಸಂಹಿತೆಯಲ್ಲಿ ಇನ್ನೊಂದು ಷರತ್ತಿದೆ: ಮಾದರಿಯು ಜೀವಂತವಾಗಿರಕೂಡದು. ಒಣಗಿಸಿ ಹಾಳೆಗೆ ಅಂಟಿಸಿ ಶಾಶ್ವತವಾಗಿ ಇಟ್ಟಿರಬೇಕು. ಕನ್ನಡದ ಹೆಸರುಗಳು ಸೋಲುವುದು ಇಲ್ಲಿಯೇ, ಅವಕ್ಕೆ ನಿಂತ ಮರವೇ ಮಾದರಿ. ಈ ಷರತ್ತನ್ನು ಚಾಚೂ ತಪ್ಪದೆ ಪಾಲಿಸುವ ಮೂರನೆಯದೊಂದು ಪದ್ಧತಿ ನಮ್ಮ ನಗರಗಳಲ್ಲಿ ಬೆಳೆದಿದೆ. ಅದು ಸಂಖ್ಯಾನಾಮ. ರಸ್ತೆ ಅಗಲೀಕರಣದ ಋತುವಿನಲ್ಲಿ ಕಾಂಡದ ಎದೆಮಟ್ಟಕ್ಕೆ ಬಣ್ಣದಲ್ಲಿ ಮೂಡುತ್ತದೆ. ಲ್ಯಾಟಿನ್ ಬೇಡ, ಕನ್ನಡವೂ ಬೇಡ, ಕೇಸರ ಎಣಿಸುವ ರಗಳೆಯಿಲ್ಲ. ಗುಲ್‌ಮೊಹರ್ 47 ಆದರೆ ಪಕ್ಕದ ಹೊಂಗೆ 48, ಕುಲಭೇದವಿಲ್ಲ. ಹೆಸರಿಟ್ಟ ಸ್ವಲ್ಪ ದಿನಕ್ಕೆ ಮಾದರಿ ಜೀವಂತವಾಗಿರುವುದಿಲ್ಲ.

ಇದರಿಂದ ಅಧೋವರ್ತಿ ಸಿದ್ಧಾಂತಕ್ಕೆ ಒಂದು ತಾಂತ್ರಿಕ ತೊಡಕು ಎದುರಾಗಿದೆ ಎಂಬುದನ್ನು ಮುಚ್ಚಿಡಲಾಗದು. 48 ಹೋಯಿತು, ಆದರೆ ಬುಡದಲ್ಲಿದ್ದ ಇಸ್ತ್ರಿ ಗಾಡಿ ಹೋಗಲಿಲ್ಲ. ಅದೀಗ ಯಾವುದೋ ಮೊಬೈಲ್ ಕಂಪನಿಯವರು ಕೊಟ್ಟ ದೊಡ್ಡ ಛತ್ರಿಯ ಕೆಳಗೆ ನಿಂತಿದೆ. ಮರವನ್ನು ಅದರ ಬುಡದಲ್ಲಿರುವುದರಿಂದ ಅರಿಯಬೇಕಾದ್ದರಿಂದ, ಸೂತ್ರಾನುಸಾರ ಆ ಛತ್ರಿಯೂ ಆಶ್ರಯವರ್ಗದ ಹೊಂಗೆಯೇ. ಅದು ಹೂಬಿಡುವ ತಿಂಗಳು ಯಾವುದೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.