ಹಲ್ಲಿಗಳ ಕ್ವಾರ್ಟರ್ಸ್

ಟೆಕ್ಸಾಸಿನ ಪ್ಲೇನೊದಲ್ಲಿ ನಮ್ಮ ಮಗಳ ಮನೆಯ ಹಲ್ಲಿಗಳಿಗೆ ಹೆಸರಿದೆ, ಹೀಟರಿದೆ, ಹುಷಾರು ತಪ್ಪಿದರೆ ಡಾಕ್ಟರಿದ್ದಾರೆ. ಪೊರಕೆಯ ಭಯವೊಂದಿಲ್ಲ. ಒಂದು ಲೆಪರ್ಡ್ ಗೆಕೊ. ಮೈತುಂಬ ಚಿರತೆಯ ಚುಕ್ಕೆ, ಕೊಬ್ಬು ಕೂಡಿಟ್ಟುಕೊಂಡು ಊದಿದ ಬಾಲ. ಆ ಬಾಲ ನೋಡಿಯೇ ಮೊಮ್ಮಗ ಬೋಂಡ ಎಂದು ಹೆಸರಿಟ್ಟಿದ್ದಾನೆ. ಇನ್ನೊಂದು ಕ್ರೆಸ್ಟೆಡ್ ಗೆಕೊ. ಕಣ್ಣ ಮೇಲೆ ರೆಪ್ಪೆಗೂದಲಿನಂಥ ಮುಳ್ಳುಸಾಲಿದೆ, ಮುಚ್ಚಲು ರೆಪ್ಪೆಯೇ ಇಲ್ಲ. ಕಣ್ಣಿಗೆ ಧೂಳು ಕೂತರೆ ನಾಲಿಗೆ ಚಾಚಿ ಒರೆಸಿಕೊಳ್ಳುತ್ತದೆ. ಹಣ್ಣಿನ ಪುಡಿ ಕಲಸಿಟ್ಟರೆ ನೆಕ್ಕುವುದರಿಂದ ಇದು ಮ್ಯಾಂಗೋ.

ನಮ್ಮಾಕೆಗೆ ಇವೆರಡೂ ಬರೀ ಹಲ್ಲಿ. ಊರಲ್ಲಿ ಗೋಡೆಯ ಹಲ್ಲಿ ಲೊಚಗುಟ್ಟಿದರೆ "ಕೃಷ್ಣ ಕೃಷ್ಣ" ಎಂದು ನೆಲ ತಟ್ಟುವವಳು. ಇವಳು ಬಂದ ವಾರದಲ್ಲೇ ಮ್ಯಾಂಗೋ ಮೊಮ್ಮಗನ ಕೈಯಿಂದ ಚಿಮ್ಮಿ ಅಳಿಯಂದಿರ ಭುಜದ ಮೇಲೆ ಕೂತಿತು. ಬಲಭುಜವೋ ಎಡಭುಜವೋ ಎಂಬ ವಿಚಾರಣೆ ನಡೆಯಿತು. ಮೈಸೂರಿನ ತಮ್ಮನಿಗೆ ಫೋನ್ ಹೋಗಿ, ಅವನು ನಿದ್ದೆಗಣ್ಣಲ್ಲಿ ಪಂಚಾಂಗ ತೆಗೆದ. ಬಿದ್ದದ್ದಕ್ಕೆ ಫಲ ಉಂಟು, ಹಾರಿ ಬಂದು ಕೂತದ್ದಕ್ಕೆ ಉಂಟೇ ಎಂಬ ತೊಡಕು ಎದ್ದಿತು. ಕಂಚಿಯ ಚಿನ್ನದ ಹಲ್ಲಿ ಮುಟ್ಟಿದರೆ ಎಲ್ಲ ದೋಷವೂ ಪರಿಹಾರ ಎನ್ನುತ್ತಾರೆ. ಆದರೆ ಅಳಿಯಂದಿರಿಗೆ ರಜೆ ಇರಲಿಲ್ಲ.

ಅವರ ಚಿಂತೆ ಬೇರೆಯದೇ. ಎರಡು ಗಾಜಿನ ಪೆಟ್ಟಿಗೆ, ಎರಡರಲ್ಲೂ ದೀಪ, ಒಂದಕ್ಕೆ ಬಿಸಿ, ಇನ್ನೊಂದಕ್ಕೆ ತುಂತುರು. ಕರೆಂಟ್ ಬಿಲ್ ಹಿಡಿದುಕೊಂಡು ಬಂದು, "ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಇಡಬಾರದಾ, ಮಾವ?" ಎಂದರು.

ಕೇಳಿದ್ದು ತಕ್ಕವರನ್ನೇ. ನಾನು ಸರ್ಕಾರಿ ಕ್ವಾರ್ಟರ್ಸ್ ಹಂಚುವ ಟೇಬಲ್ಲಿನಲ್ಲಿ ಅರ್ಧ ಆಯುಷ್ಯ ಕೂತವನು. ಮೇಲ್ಮನೆಯವರು ಬಟ್ಟೆ ಹಿಂಡಿದ ನೀರು ಕೆಳಮನೆಯವರ ಹಪ್ಪಳದ ಮೇಲೆ ಬಿದ್ದ ಪ್ರಕರಣಗಳನ್ನೆಲ್ಲ ಇತ್ಯರ್ಥ ಮಾಡಿದ್ದೇನೆ. ಎರಡೂ ಅರ್ಜಿದಾರರನ್ನು ಪರಿಶೀಲಿಸಿದೆ. ಬೋಂಡನ ಬೆರಳಿಗೆ ಅಂಟಿಲ್ಲ, ಗಾಜು ಹತ್ತಲಾರ. ಮ್ಯಾಂಗೋ ಹುಟ್ಟಾ ಮರವಾಸಿ. ಬೋಂಡನಿಗೆ ನೆಲಮಹಡಿ, ಮ್ಯಾಂಗೋಗೆ ಮೇಲ್ಮಹಡಿ ಎಂದು ಆದೇಶ ಹೊರಡಿಸಿದೆ. ಇದಕ್ಕಿಂತ ನ್ಯಾಯ ಉಂಟೇ?

ಮೊಮ್ಮಗ ಮೇಲ್ಮನವಿ ಸಲ್ಲಿಸಿದ. "ತಾತ, ಬೋಂಡನ ಊರು ಗೊತ್ತಾ?" ಅಫ್ಘಾನಿಸ್ತಾನ, ಪಾಕಿಸ್ತಾನದಿಂದ ನಮ್ಮ ದೇಶದ ವಾಯವ್ಯ ಅಂಚಿನವರೆಗಿನ ಒಣ ಕಲ್ಲುನೆಲವಂತೆ. ಹೊಟ್ಟೆ ಕೆಳಗಿನ ಕಲ್ಲು 32 ಡಿಗ್ರಿಯಾದರೂ ಬಿಸಿಯಿರದಿದ್ದರೆ ತಿಂದ ಹುಳು ಅರಗುವುದಿಲ್ಲ. ಮ್ಯಾಂಗೋ ಪೆಸಿಫಿಕ್ಕಿನ ನ್ಯೂ ಕ್ಯಾಲೆಡೋನಿಯಾದ್ದು. 1866ರಲ್ಲಿ ವಿಜ್ಞಾನದ ಕಡತ ಸೇರಿ, ಆಮೇಲೆ ನಾಪತ್ತೆಯಾಗಿ, ವಂಶವೇ ಅಳಿಯಿತೆಂದು ಎಲ್ಲರೂ ನಂಬಿದ್ದಾಗ 1994ರಲ್ಲಿ ಮತ್ತೆ ಕಾಣಿಸಿಕೊಂಡ ಜಾತಿ. ಕಡತದಲ್ಲಿ ಕಳೆದುಹೋಗಿ ಜೀವಂತ ಹಾಜರಾದ ಪಿಂಚಣಿದಾರರನ್ನು ಕಂಡಿದ್ದ ನನಗೆ ಅದರ ಮೇಲೆ ತುಸು ಅಕ್ಕರೆ ಹುಟ್ಟಿತು. ಅದಕ್ಕೆ 24 ಡಿಗ್ರಿ ಹಿತ. 28 ದಾಟಿದರೆ ಜೀವ ಹಿಂಡಿದ ಹಾಗೆ. ಹಾಗಾದರೆ ನಡುವೆ 27ಕ್ಕೆ ರಾಜಿ ಮಾಡಿಸೋಣ ಎಂದೆ. "ಆಗ ಇಬ್ಬರಿಗೂ ಹುಷಾರು ತಪ್ಪುತ್ತೆ, ತಾತ."

ಮೇಲ್ಮನೆಗೆ ನೀರು ಚಿಮುಕಿಸಿದರೆ ಕೆಳಮನೆ ಒದ್ದೆ. ಅದು ನನ್ನ ಹಳೆಯ ಹಪ್ಪಳದ ಕೇಸೇ, ಒಪ್ಪಿದೆ. ಇಬ್ಬರದೂ ರಾತ್ರಿ ಪಾಳಿಯಾದ್ದರಿಂದ ಎದುರುಬದುರಾಗದೆ ವಿಧಿಯಿಲ್ಲ. ಬೋಂಡನ ಬಾಯಿಗೆ ಹಿಡಿಯುವಂಥದ್ದು ಎದುರು ಆಡಿದರೆ ಅದು ಜೀರುಂಡೆಯೋ ನೆರೆಮನೆಯವರ ಕಾಲೋ ಎಂದು ಅವನು ವಿಚಾರಿಸುತ್ತ ಕೂರುವುದಿಲ್ಲ. ಜಗಳದಲ್ಲಿ ಬಾಲ ಕಳಚಿದರೆ ಬೋಂಡನಿಗೆ ಇನ್ನೊಂದು ಬರುತ್ತದೆ, ಮ್ಯಾಂಗೋಗೆ ಜನ್ಮದಲ್ಲಿ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಕರಾರು ಹೊಟ್ಟೆಯೊಳಗಿನದು: ಒಬ್ಬರಿಗೆ ಏನೂ ಮಾಡದ ಪರೋಪಜೀವಿ ಇನ್ನೊಬ್ಬರನ್ನು ಸೊರಗಿಸಿ ಕೊಲ್ಲಬಹುದು. ಕ್ರಿಪ್ಟೋಸ್ಪೋರಿಡಿಯಂ ಎಂಬುದು ಲೆಪರ್ಡ್ ಗೆಕೊಗೆ ತಗಲಿತೆಂದರೆ ಆ ಬೋಂಡದಂಥ ಬಾಲ ಬತ್ತಿ ಕಡ್ಡಿಯಾಗುತ್ತದೆ. ಹುಡುಗ ಇದನ್ನು ಹೇಳುವಾಗ ದನಿ ತಗ್ಗಿಸಿದ, ಬೋಂಡನಿಗೆ ಕೇಳಬಾರದೆಂದು.

"ಹೋಗಲಿ, ಒಂದೇ ಜಾತಿಯವು ಕೂಡಿ ಬಾಳುತ್ತವಲ್ಲ?" ಎಂದಳು ನಮ್ಮಾಕೆ. ತುಂಬಿದ ಮನೆಯಲ್ಲಿ ಬೆಳೆದವಳು. ಪಾಪ ಒಂಟಿ ಎಂಬುದು ಅವಳ ಸಂಕಟ. ಇಲ್ಲವಂತೆ. ಎರಡು ಗಂಡು ಲೆಪರ್ಡ್ ಗೆಕೊ ಇಟ್ಟರೆ ರಕ್ತಪಾತ. ಗಂಡು ಹೆಣ್ಣು ಇಟ್ಟರೆ ಗಂಡಿನ ಕಾಟಕ್ಕೆ ಹೆಣ್ಣು ಹೈರಾಣ. ಎರಡು ಹೆಣ್ಣಿಟ್ಟರೆ ಸದ್ದಿಲ್ಲದೆ ಒಂದು ದಪ್ಪ, ಒಂದು ಸಣ್ಣ. ಒಂದರ ಮೇಲೊಂದು ಮಲಗಿರುತ್ತವಲ್ಲ, ಎಷ್ಟು ಪ್ರೀತಿ ಎಂದು ಜನ ಫೋಟೊ ತೆಗೆಯುತ್ತಾರೆ. ಅಸಲಿಗೆ ಎರಡಕ್ಕೂ ಬೇಕಿರುವುದು ಅದೇ ಬೆಚ್ಚನೆಯ ಮೂಲೆ, ಮೇಲೆ ಹತ್ತಿದ್ದು ಗೆದ್ದದ್ದು. ನಮ್ಮ ಕಡೆಯ ಮದುವೆ ಫೋಟೊಗಳಲ್ಲಿ ದಾಯಾದಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುವ ಹಾಗೆ ಎಂದುಕೊಂಡೆ. ಹೇಳಲಿಲ್ಲ; ಆ ಫೋಟೊಗಳಲ್ಲಿ ಅವಳ ಕಡೆಯವರೇ ಹೆಚ್ಚು.

ಕೊನೆಗೆ ಮೊಮ್ಮಗನೇ ಸಮಾಧಾನ ಹೇಳಿದ. ಕೂಡಿ ಬಾಳುವ ಹಲ್ಲಿಯೂ ಒಂದಿದೆ, ಮೌರ್ನಿಂಗ್ ಗೆಕೊ. ಬೆರಳುದ್ದದ್ದು, ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತವೆ, ಹುಟ್ಟುವ ಮರಿಗಳೂ ತಾಯಿಯ ನಕಲು. ಹತ್ತಾರು ಒಂದೇ ಪೆಟ್ಟಿಗೆಯಲ್ಲಿರುತ್ತವೆ.

"ಗಂಡಸರಿಲ್ಲವಲ್ಲ, ಅದಕ್ಕೇ ಹೊಂದಿಕೊಂಡಿವೆ," ಎಂದಳು ನಮ್ಮಾಕೆ. ಅಲ್ಲೂ ಒಬ್ಬ ಯಜಮಾನಿ ಉಳಿದವನ್ನು ಗದರಿಸಿಕೊಂಡಿರುತ್ತಾಳೆ ಎಂದು ಹುಡುಗ ಸೇರಿಸಿದ್ದು ಅವಳ ಕಿವಿಗೆ ಬೀಳಲಿಲ್ಲ. ಈ ಜಾತಿಯನ್ನು ತಕ್ಷಣ ತರಿಸಬೇಕೆಂದು ತೀರ್ಪಾಯಿತು. ಅಳಿಯಂದಿರು ಬಿಲ್ಲನ್ನು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟುಕೊಂಡರು. ಮೂರನೆಯ ಪೆಟ್ಟಿಗೆಗೆ ಜಾಗ ಎಲ್ಲಿ ಎಂಬ ಪ್ರಶ್ನೆ ಬಂದಾಗ, ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ನಮ್ಮ ಕೋಣೆಯ ಕಡೆ ನೋಡಿದರು: ಕಿಟಕಿ ಪಕ್ಕ, ನಾನು ಮಲಗುವ ಬದಿ. ಕ್ವಾರ್ಟರ್ಸ್ ತೆರವು ಮಾಡಿಸುವ ನೋಟಿಸನ್ನು ಎಷ್ಟೋ ಜನಕ್ಕೆ ಬರೆದಿದ್ದೆ. ಕೈಗೆ ತೆಗೆದುಕೊಂಡದ್ದು ಇದೇ ಮೊದಲು. ಸದ್ಯಕ್ಕೆ ಹಾಲಿನ ಸೋಫಾ ಮಂಜೂರಾಗಿದೆ, ಬೋಂಡನ ಎದುರುಮನೆ.