ಉರಿವ ಮನೆಯ ಗಳ, ಸರ್ಟಿಫಿಕೇಟ್ ಸಮೇತ

ವಿಲ್ಮರ್ ಮೆಕ್ಲೀನ್ ಎಂಬ ವ್ಯಾಪಾರಿಯ ಹಣೆಬರಹ ನೋಡಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ ವರ್ಜೀನಿಯಾದಲ್ಲಿ ಅವನ ಜಮೀನಿನ ಬಳಿಯೇ ನಡೆಯಿತು. ಈ ರಗಳೆಯೇ ಬೇಡವೆಂದು ಗಂಟುಮೂಟೆ ಕಟ್ಟಿ ಅಪಮ್ಯಾಟಕ್ಸ್ ಕೋರ್ಟ್ ಹೌಸ್ ಎಂಬ ಹಳ್ಳಿ ಸೇರಿದ. 1865ರ ಏಪ್ರಿಲ್ 9ರಂದು ದಕ್ಷಿಣ ಪಡೆಯ ಜನರಲ್ ಲೀ ಉತ್ತರ ಪಡೆಯ ಜನರಲ್ ಗ್ರಾಂಟ್‌ಗೆ ಶರಣಾದದ್ದು ಅವನದೇ ನಡುಮನೆಯಲ್ಲಿ!

ಸಹಿ ಬಿದ್ದದ್ದೇ ತಡ, ಗೆದ್ದ ಅಧಿಕಾರಿಗಳು ಉರಿವ ಮನೆಯಲ್ಲಿ ಗಳ ಹಿರಿಯತೊಡಗಿದರು. ಗ್ರಾಂಟ್ ಷರತ್ತು ಬರೆದ ಮೇಜಿಗೆ ಜನರಲ್ ಶೆರಿಡನ್ 20 ಡಾಲರ್ ಕೊಟ್ಟ. ಲೀಯ ಮೇಜಿಗೆ ಜನರಲ್ ಆರ್ಡ್ ಕೊಟ್ಟದ್ದು 40. ಸೋತವನ ಮೇಜಿಗೆ ಡಬ್ಬಲ್ ರೇಟು. ಯುದ್ಧದ ನೆನಪಿನ ವಸ್ತುಗಳ ಮಾರುಕಟ್ಟೆಯ ಧರ್ಮ ಅವತ್ತೇ ನಿಗದಿಯಾಯಿತು. ಮೆಕ್ಲೀನನ ಪುಟ್ಟ ಮಗಳ ಬಟ್ಟೆಗೊಂಬೆಯನ್ನೂ ಬಿಡಲಿಲ್ಲ, ಅದನ್ನೂ ಒಬ್ಬ ಅಧಿಕಾರಿ ಎತ್ತಿಕೊಂಡು ಹೋದ. ಅಣ್ಣತಮ್ಮಂದಿರ ಜಗಳದಲ್ಲೂ ಕೂಸೇ ಬಡವಾಯಿತು. ಗೊಂಬೆ ಆ ಊರಿಗೆ ಮರಳಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಲೀ ದಣಿವಾರಿಸಿಕೊಂಡಿದ್ದ ಸೇಬಿನ ಮರವನ್ನು ಸೈನಿಕರು ಬೇರುಸಹಿತ ಕಿತ್ತು ಚಕ್ಕೆ ಚಕ್ಕೆಯಾಗಿ ಹಂಚಿಕೊಂಡರು.

ಅವರ ಮರಿಮಕ್ಕಳು ಈಗ ಆ ಯುದ್ಧದ ಸೀಸದ ಗುಂಡು ಕೊಳ್ಳುತ್ತಾರೆ. ಹಲ್ಲಿನ ಗುರುತಿದ್ದರಂತೂ ಕೇಳಲೇಬೇಡಿ: ಕಾಲು ಕತ್ತರಿಸುವಾಗ ಗಾಯಾಳು ಕಚ್ಚಿಹಿಡಿದ ಗುಂಡಂತೆ! ಆದರೆ ಆ ಯುದ್ಧದ ಡಾಕ್ಟರುಗಳು ಬಹುಪಾಲು ಶಸ್ತ್ರಚಿಕಿತ್ಸೆಗೆ ಕ್ಲೋರೊಫಾರ್ಮ್ ಇಲ್ಲವೇ ಈಥರ್ ಬಳಸುತ್ತಿದ್ದರು. ಪರೀಕ್ಷಿಸಿದವರು ಹೇಳುವ ಪ್ರಕಾರ ಅಂಥ ಗುಂಡುಗಳಲ್ಲಿ ಬಹಳಷ್ಟನ್ನು ಅಗಿದದ್ದು ಹಂದಿಗಳು. ನಮ್ಮ ಸಂಗ್ರಾಹಕ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕಣ್ಣೊರೆಸಿಕೊಳ್ಳುತ್ತಿರುವುದು ಯಾವುದೋ ವರಾಹಮೂರ್ತಿಯ ಎಂಜಲಿಗೆ.

ಗುಂಡು ಕೊಳ್ಳಲು ನಾಚಿಕೆಯಾದವರಿಗೆ ಯುದ್ಧದ ಚಿತ್ರಗಳ ಲಿಮಿಟೆಡ್ ಎಡಿಷನ್ ಪ್ರಿಂಟುಗಳಿವೆ. ಹಿಮ, ಬೆಳದಿಂಗಳು, ಬೂದು ಕುದುರೆ, ಅದರ ಮೇಲೆ ಲೀಯ ಬಿಳಿಗಡ್ಡ. ಎಲ್ಲರ ಬೂಟೂ ಮಿರಮಿರ. ಆರು ಲಕ್ಷಕ್ಕೂ ಹೆಚ್ಚು ಯೋಧರು ಸತ್ತ ಯುದ್ಧ ಅದು. ಗುಂಡಿಗಿಂತ ಭೇದಿ, ಜ್ವರಗಳಿಗೆ ಸತ್ತವರೇ ಜಾಸ್ತಿ. ಭೇದಿಯ ಲಿಮಿಟೆಡ್ ಎಡಿಷನ್ ನಾನಂತೂ ಕಂಡಿಲ್ಲ.

ಅದೇ ಯುದ್ಧದ ಅಟ್ಲಾಂಟಾ ಕಾಳಗದ ದೈತ್ಯ ವರ್ತುಲಚಿತ್ರವನ್ನೇ ನೋಡಿ. 1880ರ ದಶಕದಲ್ಲಿ ಅದನ್ನು ಬರೆದವರು ದೂರದ ಮಿಲ್ವಾಕಿಯಲ್ಲಿ ಕೂತ ಜರ್ಮನ್ ಕಲಾವಿದರು. ಮುಂದೆ ಅದರೆದುರು ಸತ್ತ ಸೈನಿಕರ ಬೊಂಬೆಗಳನ್ನು ಮಲಗಿಸಿದರು. 1939ರಲ್ಲಿ ಸಿನಿಮಾ ನಟ ಕ್ಲಾರ್ಕ್ ಗೇಬಲ್ ಅಟ್ಲಾಂಟಾಗೆ ಬಂದುಹೋದ ಮೇಲೆ ಒಂದು ಹೆಣಕ್ಕೆ ಅವನ ಮುಖ ಬಂತು. ಹೆಣವಾದರೂ ಸ್ಟಾರ್ ಆಗಿರಬೇಕು.

ಮನೆಗೆ ಕೊಳ್ಳುವ ಪ್ರಿಂಟಿನ ಅಂಚಿನಲ್ಲಿ ಕಲಾವಿದನ ಸಹಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ನಂಬರು, ಹಿಂದೆ ಅಸಲಿಯೆಂಬ ಸರ್ಟಿಫಿಕೇಟು. ಸಹಿಯಿಲ್ಲದ್ದಕ್ಕೆ ಕಿಮ್ಮತ್ತಿಲ್ಲ ಎನ್ನುತ್ತಾರೆ ಬಲ್ಲವರು.

ಒಂದು ಸರಕಿಗೆ ಮಾತ್ರ ಈ ನಿಯಮವಿಲ್ಲ. ಯುದ್ಧಕ್ಕೆ ಮುಂಚೆ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ಗುಲಾಮರನ್ನು ಬಾಡಿಗೆಗೆ ಬಿಡುವ ಧಣಿ ನಗರಾಡಳಿತಕ್ಕೆ ಶುಲ್ಕ ಕಟ್ಟಬೇಕಿತ್ತು. ಬದಲಿಗೆ ಗುಲಾಮ ಧರಿಸಲು ಒಂದು ತಾಮ್ರದ ಬಿಲ್ಲೆ ಕೊಡುತ್ತಿದ್ದರು. ಇವತ್ತು ಅಸಲಿ ಬಿಲ್ಲೆಗೆ ಸಾವಿರಾರು ಡಾಲರ್ ಬೆಲೆ. ಅದಕ್ಕೇ ನಕಲಿ ಬಿಲ್ಲೆಗಳೂ ಹುಟ್ಟಿಕೊಂಡಿವೆ. ಬಿಲ್ಲೆಯ ಮೇಲೆ ಊರಿನ ಹೆಸರಿದೆ, ವರ್ಷವಿದೆ, ಹಮಾಲಿ, ಮನೆಯಾಳು ಎಂದು ಕೆಲಸ ಕೊರೆದಿದೆ, ನಂಬರೂ ಇದೆ. ಧರಿಸಿದವನ ಹೆಸರಿಲ್ಲ.