ನಾನು ಎದ್ದು ಹೋಗಿ ಯಾರಿಗೂ ಗುದ್ದಿಲ್ಲ

ಚೆನ್ನೈನ ಕಾಸಿಮೇಡು ಮೀನುಗಾರಿಕಾ ಬಂದರಿನ ಹಾದಿಯಲ್ಲಿ, ಫುಟ್‌ಪಾತಿನ ಅಂಚಿಗೆ ಕಪ್ಪು-ಹಳದಿ ಪಟ್ಟೆಯ ಕಲ್ಲೊಂದಿದೆ. ಹಳದಿ ಮಾಸಿದೆ. ಕಪ್ಪು ಮಾತ್ರ ಟೈರುಗಳ ಕೃಪೆಯಿಂದ ದಿನೇ ದಿನೇ ಹೆಚ್ಚುತ್ತಿದೆ. ಭಾನುವಾರ ನಸುಕಿನಲ್ಲಿ, ಮೀನಿನ ಹರಾಜು ಕಾವೇರಿದ್ದ ಹೊತ್ತಿಗೆ, ಅದು ಮಾತಿಗೆ ಸಿಕ್ಕಿತು.

*ಈಗಷ್ಟೇ ಬೆಂಗಳೂರಿನ ಕಾರೊಂದಕ್ಕೆ ಹೊಡೆದಿರಂತೆ?*

ನಾನು ಹೊಡೆದೆನೇ? ಸ್ವಾಮಿ, ನಾನು ಎದ್ದು ಹೋಗಿ ಯಾರಿಗೂ ಗುದ್ದಿಲ್ಲ. ಆ ಯಜಮಾನರ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಫೋನು. ಇಲ್ಲಿಯ ವಂಜರಂ ಅಂದರೆ ಮಂಗಳೂರಿನ ಅಂಜಲ್ಲೇ ಎಂದು ಮನೆಯವರಿಗೆ ವಿವರಿಸುತ್ತಿದ್ದರು.

*ಅಂಜಲ್‌ಗಾಗಿ ಇಷ್ಟು ದೂರವೇ?*

ನಿಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಯುವಂತಿಲ್ಲ. ನಮ್ಮಲ್ಲಿ ಆ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಎರಡೂ ಕಡೆ 61 ದಿನವೇ. ಜೂನ್ ಮಧ್ಯದ ಬಳಿಕ ಮಲ್ಪೆಯ ಬೋಟು ಇನ್ನೂ ದಡದಲ್ಲಿ ಮಲಗಿದ್ದಾಗ ಕಾಸಿಮೇಡಿನದು ಕಡಲಲ್ಲಿರುತ್ತದೆ. ಆಗ ನನಗೆ ಕರ್ನಾಟಕದ ಟೈರುಗಳ ರುಚಿಯೂ ಸಿಗುತ್ತದೆ.

*ಅಲಾಯ್ ವೀಲಿಗೆ ಗೀರು ಬಿತ್ತೆಂದು ಅವರು ಗೋಳಾಡುತ್ತಿದ್ದರು.*

ಅದೇ ತಮಾಷೆ. ಕಾರಿನಿಂದ ಇಳಿದವರೆಲ್ಲ ಮೊದಲು ಗೀರನ್ನು ಉಜ್ಜುತ್ತಾರೆ. ಗೀರಿನಿಂದ ಯಾರೂ ಸತ್ತಿಲ್ಲ. ಟೈರಿನ ಪಕ್ಕೆ ಸವರಿ ನೋಡುವವರು ಎಲ್ಲಿದ್ದಾರೆ? ನನಗೂ ರಿಮ್ಮಿಗೂ ನಡುವೆ ಟೈರು ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಸಿಕ್ಕಿಕೊಂಡಾಗ ಅದರ ಒಳಗಿನ ನೂಲಿನ ಎಳೆಗಳು ಕಡಿಯುತ್ತವೆ. ಹೊರಗಿನ ರಬ್ಬರಿಗೆ ಏನೂ ಆಗಿರುವುದಿಲ್ಲ. ಆಮೇಲೊಂದು ದಿನ ಅಲ್ಲಿ ಗುಳ್ಳೆ ಏಳುತ್ತದೆ. ಅಷ್ಟು ಜಾಗದಲ್ಲಿ ಗಾಳಿಯನ್ನು ಹಿಡಿದಿಟ್ಟಿರುವುದು ಬರಿ ರಬ್ಬರು. ಹೆದ್ದಾರಿಯಲ್ಲಿ ಬಿಸಿಯೇರಿ ಅದು ಒಡೆದರೆ ಗೀರಿನ ಚಿಂತೆ ಅಲ್ಲಿಗೆ ಮುಗಿಯಿತು.

*ಪ್ಯಾಚ್ ಹಾಕಿಸಿದರಾಗದೇ?*

ನೆಲ ಮುಟ್ಟುವ ಭಾಗಕ್ಕೆ ಮೊಳೆ ಚುಚ್ಚಿದ್ದರೆ ಹಾಕಿಸಿ. ಪಕ್ಕೆ ಪ್ರತಿ ಸುತ್ತಿಗೂ ಬಾಗುತ್ತದೆ, ಅಲ್ಲಿ ಪ್ಯಾಚನ್ನು ನಂಬುವಂತಿಲ್ಲ. ಗುಳ್ಳೆ ಎದ್ದ ಟೈರಿಗೆ ದುರಸ್ತಿಯೇ ಇಲ್ಲ. ಇನ್ನು ರಿಮ್ಮು: ಉಕ್ಕಿನದಾದರೆ ಬಗ್ಗುತ್ತದೆ, ಅಲಾಯ್ ಬಿರುಕು ಬಿಡುವುದೂ ಉಂಟು. ಶೋಕಿಗೆ ದೊಡ್ಡ ರಿಮ್ ಹಾಕಿಸಿ ತೆಳ್ಳನೆಯ ಟೈರು ತೊಡಿಸುವವರೇ ನನ್ನ ಖಾಯಂ ಗಿರಾಕಿಗಳು. ಮೀನಿನ ಲಾರಿಗಳ ಟೈರಿಗೆ ಮೈತುಂಬ ರಬ್ಬರಿದೆ. ಅವು ನನ್ನ ಮೇಲೆ ಹತ್ತಿಳಿದು, ಐಸು ಕರಗಿದ ನೀರು ಚೆಲ್ಲಿ ಹೋಗುತ್ತವೆ. ಕಲ್ಲಿಗೂ ಮೂಗಿದ್ದಿದ್ದರೆ ಎಂದೋ ಊರು ಬಿಡುತ್ತಿದ್ದೆ.

*ನೀವೇಕೆ ಇಷ್ಟು ಎತ್ತರ?*

ಫುಟ್‌ಪಾತು 150 ಮಿಲಿಮೀಟರ್ ಮೀರಬಾರದೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಆದರೆ ಬೈಕು ಹತ್ತಬಾರದೆಂದು ನನ್ನನ್ನು ಎತ್ತರಿಸಿದರು. ಬೈಕುಗಳು ಹತ್ತಿದವು. ಅಜ್ಜಿಯರಿಗೆ ಮಾತ್ರ ಹತ್ತಲಾಗಲಿಲ್ಲ.

*ಟೈರುಗಳ ಮೇಲೆ ನಿಮಗೇನು ಹಗೆ?*

ಹಗೆಯೇ? ನಾವು ಒಂದೇ ಕಡೆಯವರು! ಇಲ್ಲಿಂದ ಉತ್ತರಕ್ಕೆ ಹೋದರೆ ತಿರುವೊತ್ತಿಯೂರು. 1946ರಲ್ಲಿ ಕೆ.ಎಂ. ಮಾಮ್ಮೆನ್ ಮಾಪ್ಪಿಳ್ಳೈ ಅಲ್ಲಿ ಆಟಿಕೆ ಬಲೂನು ಮಾಡಲು ತೊಡಗಿದರು. ಅದೇ ಬೆಳೆದು ಎಂಆರ್‌ಎಫ್ ಆಯಿತು, 1960ರ ದಶಕದಲ್ಲಿ ಟೈರು ಬಂತು. ಬಲೂನಿನಿಂದ ಟೈರಿಗೆ ಹೋದದ್ದು ಅವರ ಸಾಧನೆ. ಯಾವ ಕಂಪನಿಯ ಟೈರೇ ಆಗಲಿ, ಅದನ್ನು ಮತ್ತೆ ಬಲೂನು ಮಾಡುವುದು ವಾಹನ ಸವಾರರ ಸಾಧನೆ.

*ವಿಮೆ ಇದೆಯಲ್ಲ?*

ಇದೆ, ಓದಿದವರಿಲ್ಲ. ಮಾಮೂಲಿ ಸಮಗ್ರ ಪಾಲಿಸಿಯಲ್ಲಿ ಟೈರೊಂದೇ ಕೆಟ್ಟರೆ ಬಿಡಿಗಾಸಿಲ್ಲ. ಅದೇ ಏಟಿಗೆ ಗಾಡಿಯೂ ಜಖಂ ಆಗಿದ್ದರೆ ಮಾತ್ರ ಟೈರಿಗೂ ಹಣ, ಅದೂ ಬದಲಿ ವೆಚ್ಚದ ಶೇ 50. ಟೈರಿನ ರಕ್ಷಣೆಗೆ ಬೇರೆ ಕಂತು ಕಟ್ಟಬೇಕು. ‘ಇನ್ನೂ ಸ್ವಲ್ಪ ಜೋರಾಗಿ ಗುದ್ದಬೇಕಿತ್ತು’ ಎಂದು ಗೊಣಗಿದವರನ್ನೂ ಕಂಡಿದ್ದೇನೆ.

*ಗುದ್ದಿದವರಿಗೆ ಏನು ಹೇಳುತ್ತೀರಿ?*

ನನ್ನನ್ನು ಬೈದು ಮುಗಿದ ಮೇಲೆ ಗಾಳಿ ನೋಡಿ. ಪಕ್ಕೆಯ ಒಳಬದಿಗೂ ಕೈಯಾಡಿಸಿ. ಸ್ಟೀರಿಂಗ್ ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್ ಕೆಟ್ಟಿರಬಹುದು, ವೇಗದಲ್ಲಿ ನಡುಗಿದರೆ ರಿಮ್ಮು ಬಗ್ಗಿರಬಹುದು. ಗುಳ್ಳೆ ಕಂಡರೆ ಊರು ಮುಟ್ಟುವವರೆಗೆ ಕಾಯಬೇಡಿ, ಅಲ್ಲೇ ಸ್ಟೆಪ್ನಿ ಹಾಕಿ. ಸಣ್ಣ ಸ್ಟೆಪ್ನಿಯಾದರೆ ಸಾಮಾನ್ಯವಾಗಿ ಅದರ ಮೇಲೆ 80 ಎಂದು ಬರೆದಿರುತ್ತದೆ. ಅದಕ್ಕಿಂತ ಜೋರಾಗಿ ಓಡಿಸದೆ, ಮೊದಲು ಸಿಕ್ಕ ಅಂಗಡಿಯಲ್ಲಿ ಹೊಸ ಟೈರು ಹಾಕಿಸಿಕೊಳ್ಳಿ.